ಟ್ರಾಲಿ ಬಿಟ್ಟು ಟ್ರೇಲರ್ ಲಾರಿ ಹತ್ತುವವನಿಗೆ ಯಾಕೆ ಬೈತೀರಿ?

ಮಾಚೇನಹಳ್ಳಿಯ ನನ್ನ ಗೆಳೆಯನೊಬ್ಬ ಹನ್ನೊಂದು ವರ್ಷ ಓಡಿಸಿದ ಟ್ರ್ಯಾಕ್ಟರನ್ನೂ ಟ್ರಾಲಿಯನ್ನೂ ಮಾರಿದ. ಇಟ್ಟಿಗೆ, ಜಲ್ಲಿ, ಗೊಬ್ಬರ, ಅಡಿಕೆ ಸಿಪ್ಪೆ, ಮದುವೆ ಮನೆಯ ಪಾತ್ರೆ, ಆ ಟ್ರಾಲಿ ಹೊರದೇ ಇದ್ದ ವಸ್ತು ಇಲ್ಲ. ಈಗ ಅವನು ಟ್ರೇಲರ್ ಲಾರಿ ಓಡಿಸೋಕೆ ಹೊರಟಿದ್ದಾನೆ. ಮುಂದೆ ಒಂದು ತಲೆ, ಹಿಂದೆ ರೈಲಿನ ಬೋಗಿಯಷ್ಟು ಉದ್ದದ ದೇಹ, ಬಿ.ಎಚ್. ರಸ್ತೆಯಲ್ಲಿ ನಾವು ದಿನಾ ನೋಡುವ ಅದೇ ಗಾಡಿ.

ಅವರ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಟೀ ಅಂಗಡಿಯಲ್ಲಿ ಕೂತವರದ್ದು ಒಂದೇ ಮಾತು: "ಅಷ್ಟುದ್ದದ ಗಾಡಿ, ಯಾವಾಗ ಏನಾಗುತ್ತೋ. ಊರಲ್ಲಿ ಟ್ರಾಲಿ ಹೊಡ್ಕೊಂಡು ಆರಾಮಾಗಿ ಇರೋದು ಬಿಟ್ಟು ಇವನಿಗೆ ಯಾಕೆ ಬೇಕಿತ್ತು?"

ನನಗೆ ಈ ಮಾತು ಕೇಳಿ ಸಿಟ್ಟು ಬಂತು. ಯಾಕೆ ಅಂದರೆ, ಜಿಲ್ಲೆಯ ಸುದ್ದಿ ಬರೆಯೋ ನನ್ನಂಥವನು ಅತಿ ಹೆಚ್ಚು ಸಲ ಬರೆದ ಸುದ್ದಿಗಳಲ್ಲಿ ಒಂದು, "ಟ್ರ್ಯಾಕ್ಟರ್ ಟ್ರಾಲಿ ಮಗುಚಿ" ಅಂತ ಶುರುವಾಗುತ್ತೆ. ಎರಡು ಇಂಚಿನ ಸುದ್ದಿ. ಊರಿನ ಹೆಸರು ಬದಲಾಗುತ್ತೆ, ಸತ್ತವರ ವಯಸ್ಸು ಬದಲಾಗುತ್ತೆ, ಉಳಿದ ವಾಕ್ಯ ಅದೇ. ಟ್ರಾಲಿ "ಆರಾಮು" ಅಂತ ನಮಗೆ ಯಾರು ಹೇಳಿದ್ದು?

ನಾವು ಹೆದರಬೇಕಾದ ಕಡೆ ಹೆದರ್ತಾ ಇಲ್ಲ. ಈ ಲೇಖನ ಅದರ ಬಗ್ಗೆ.

ಎತ್ತಿನ ಗಾಡಿ ಹೂಡಿದ ನಿಮ್ಮ ಅಜ್ಜನನ್ನು ಕೇಳಿ. ಗಾಡಿಗೆ ಹುಲ್ಲು ಹೇರುವಾಗ ಆತ ಮೊದಲು ನೋಡುತ್ತಿದ್ದದ್ದು ಎಷ್ಟು ಹೇರಿದೆ ಅಂತ ಅಲ್ಲ, ಎಲ್ಲಿ ಹೇರಿದೆ ಅಂತ. ಮುಂಭಾರ ಆದರೆ ನೊಗ ಎತ್ತಿನ ಹೆಗಲು ಒತ್ತುತ್ತೆ. ಹಿಂಭಾರ ಆದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತೆ. ಅದಕ್ಕೇ ಹೇರಿದ ಮೇಲೆ ಮೂಕಿ ಹಿಡಿದು ಒಂದು ಸಲ ಎತ್ತಿ ನೋಡೋ ಪದ್ಧತಿ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಾಗ ಆ ಪದ್ಧತಿಯೂ ಎತ್ತಿನ ಜೊತೆ ಹೋಯಿತು. ಕಬ್ಬಿಣಕ್ಕೆ ನೋವಾಗಲ್ಲ ಅಂದುಕೊಂಡೆವು.

ಎರಡು ಗಾಲಿಯ ಟ್ರಾಲಿ ಅಂದರೆ ದೊಡ್ಡ ಎತ್ತಿನ ಗಾಡಿಯೇ. ಅದರ ಮೂಕಿ ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಸಿಕ್ಕಿಸಿರುತ್ತೆ. ಈ ಕೊಂಡಿ ಇರೋದು ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕಿಂತ ಹಿಂದೆ. ಹಾಗಾಗಿ ಕೊಂಡಿಯ ಮೇಲೆ ಭಾರ ಜಾಸ್ತಿ ಬಿದ್ದರೆ ದೊಡ್ಡ ಚಕ್ರವೇ ನಡುವಿನ ಕಂಬ, ಟ್ರ್ಯಾಕ್ಟರಿನ ಮೂತಿ ಮೇಲಕ್ಕೆ. ಮಕ್ಕಳ ಏತಪಾತದ ಆಟದ ಹಾಗೆ. ಮುಂದಿನ ಚಕ್ರ ಹಗುರವಾದಾಗ ಸ್ಟೇರಿಂಗ್ ತಿರುಗುತ್ತೆ, ಗಾಡಿ ತಿರುಗಲ್ಲ. ಅದೇ ಭಾರ ಟ್ರಾಲಿಯ ಬಾಲಕ್ಕೆ ಜಾರಿದರೆ ಇನ್ನೊಂದು ಕಷ್ಟ: ಟ್ರಾಲಿ ಕೊಂಡಿಯನ್ನು ಮೇಲಕ್ಕೆ ಎಳೀತಾ, ಎಡಕ್ಕೂ ಬಲಕ್ಕೂ ನಾಯಿ ಬಾಲದ ಹಾಗೆ ಬೀಸೋಕೆ ಶುರು ಮಾಡುತ್ತೆ.

ಟ್ರೇಲರ್ ಲಾರಿಯಲ್ಲಿ ಕೊಂಡಿ ಹಿಂದೆ ಇಲ್ಲ. ಮೇಲಿದೆ. ನಮ್ಮ ಡ್ರೈವರುಗಳು ಎಂಜಿನ್ ಇರುವ ಮುಂದಿನ ಭಾಗಕ್ಕೆ 'ಹಾರ್ಸ್' ಅಂತಾರೆ. ಆ ಹಾರ್ಸಿನ ಬೆನ್ನ ಮೇಲೆ, ಹಿಂದಿನ ಆಕ್ಸೆಲಿನ ನೆತ್ತಿಗೆ ಅಥವಾ ಅದಕ್ಕಿಂತ ತುಸು ಮುಂದೆ, ಗ್ರೀಸ್ ಬಳಿದ ಒಂದು ದಪ್ಪ ಕಬ್ಬಿಣದ ತಟ್ಟೆ ಇರುತ್ತೆ. ಅದರ ಹೆಸರು ಫಿಫ್ತ್ ವೀಲ್, ಐದನೇ ಚಕ್ರ. ಟ್ರೇಲರಿನ ಹೊಟ್ಟೆ ಕೆಳಗಿಂದ ಇಳಿಬಿದ್ದಿರುವ ಕಿಂಗ್‌ಪಿನ್ ಅನ್ನೋ ಗೂಟ ಆ ತಟ್ಟೆಯ ದವಡೆಗೆ ಸಿಕ್ಕಿ ಲಾಕ್ ಆಗುತ್ತೆ. ಸಾಮಾನ್ಯವಾಗಿ ಈ ಗೂಟದ ದಪ್ಪ 50 ಮಿಲಿಮೀಟರ್, ಇನ್ನೂ ಭಾರದ ಗಾಡಿಗಳಿಗೆ 90. ಸರಕಿನ ಒಂದು ದೊಡ್ಡ ಪಾಲು ಹಾರ್ಸಿನ ಬೆನ್ನಿನ ಮೇಲೇ ಕೂರುತ್ತೆ, ಹಾರ್ಸ್ ನೆಲ ಕಚ್ಚಿ ಹಿಡಿಯುತ್ತೆ. ಮೂತಿ ಏಳೋ ಪ್ರಶ್ನೆ ಬರಲ್ಲ, ಬಾಲ ಬೀಸೋದೂ ಬಹಳ ಕಡಿಮೆ.

ಐದನೇ ಚಕ್ರ ಅನ್ನೋ ಹೆಸರು ಕುದುರೆ ಗಾಡಿ ಕಾಲದ್ದು. ನಾಲ್ಕು ಚಕ್ರದ ಕುದುರೆ ಗಾಡಿಯ ಮುಂದಿನ ಅಚ್ಚು ತಿರುಗಲಿ ಅಂತ ಅದರ ಮೇಲೆ ಮಲಗಿಸಿದ ಕಬ್ಬಿಣದ ಬಳೆಯೇ ಆ ಐದನೇ ಚಕ್ರ. ನಂಬಿಕೆ ಇಲ್ಲದಿದ್ದರೆ ನಾಲ್ಕು ಗಾಲಿಯ ಕಬ್ಬಿನ ಟ್ರಾಲಿ ಕೆಳಗೆ ಬಗ್ಗಿ ನೋಡಿ, ಮುಂದಿನ ಆಕ್ಸೆಲ್ ಮೇಲೆ ಅದೇ ಬಳೆ ಈಗಲೂ ಇದೆ. ಎಂಪಿಎಂನ ಸಕ್ಕರೆ ಕಾರ್ಖಾನೆ ನಡೀತಿದ್ದಾಗ ಭದ್ರಾವತಿ ಕಡೆ ಅಂಥ ಗಾಡಿಗಳ ಸಾಲು ನೋಡಿದವರಿಗೆ ನೆನಪಿರುತ್ತೆ. ಲಾರಿಗೆ ಕಟ್ಟುವ ಟ್ರೇಲರಿನ ಕತೆಯಲ್ಲೂ ಒಬ್ಬ ಕಮ್ಮಾರನಿದ್ದಾನೆ. 1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮರದ ವ್ಯಾಪಾರಿಯೊಬ್ಬನಿಗೆ ತನ್ನ ದೋಣಿ ಸಾಗಿಸಬೇಕಿತ್ತು. ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರ ಅವನ ಫೋರ್ಡ್ ಕಾರಿಗೆ ಒಂದು ಟ್ರೇಲರ್ ಮಾಡಿಕೊಟ್ಟ. ಆಮೇಲೆ ವ್ಯಾಪಾರಿ ಅದರಲ್ಲೇ ಮರವನ್ನೂ ಹೇರತೊಡಗಿದ.

ಅದೇ ದೇಶದಲ್ಲಿ ಜನ ಮನೆಯನ್ನೇ ಗಾಡಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಾರೆ. ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಇರೋ ಟ್ರೇಲರ್. ಮೊದಮೊದಲು ಹೆಚ್ಚಿನವರು ಗಾಡಿಯ ಹಿಂಬದಿ ಕೊಂಡಿಗೆ ಸಿಕ್ಕಿಸೋ ಸಣ್ಣದನ್ನು ಕೊಳ್ಳುತ್ತಾರೆ. ದೊಡ್ಡ ಮನೆ ಬೇಕಾದಾಗ ಪಿಕಪ್ ಗಾಡಿಯ ತೊಟ್ಟಿಯೊಳಗೇ ಐದನೇ ಚಕ್ರ ಕೂರಿಸಿ, ಅದರ ಮೇಲೆ ಮನೆಯ ಮೂತಿ ಇಡುವ ಬಗೆಗೆ ಬದಲಾಗುತ್ತಾರೆ. ಅವರಲ್ಲಿ ಲೆಕ್ಕ ಹೀಗೆ: ಹಿಂದೆ ಕಟ್ಟುವುದಾದರೆ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕೊಂಡಿ ಮೇಲೆ ಇರಬೇಕು, ಐದನೇ ಚಕ್ರ ಆದರೆ 15ರಿಂದ 25. ರಜೆಗೆ ಹೋಗೋರೇ ಇಷ್ಟು ಲೆಕ್ಕ ಹಾಕಿದರೆ, ಜಲ್ಲಿ ಹೇರೋ ನಾವು ಹಾಕಬಾರದಾ?

ನಮ್ಮ ಕಾನೂನು ಕೂಡ ಈ ವ್ಯತ್ಯಾಸವನ್ನು ಬರೆದಿಟ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಟ್ರೇಲರ್' ಬೇರೆ, 'ಸೆಮಿ ಟ್ರೇಲರ್' ಬೇರೆ. ತನ್ನ ಒಂದು ಭಾಗವನ್ನು ಮುಂದಿನ ವಾಹನದ ಮೇಲೆ ಹೇರಿ, ತೂಕದ ಒಂದು ಪಾಲನ್ನು ಅದಕ್ಕೆ ಹೊರಿಸುವುದು ಸೆಮಿ ಟ್ರೇಲರ್.

ಆದರೆ ನನ್ನ ಪ್ರಕಾರ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಕೊಂಡಿಯದ್ದಲ್ಲ, ಬ್ರೇಕಿನದ್ದು. ಟ್ರೇಲರ್ ಲಾರಿಯ ಹಿಂದಿನ ಚಕ್ರಗಳಿಗೂ ಗಾಳಿ ಬ್ರೇಕ್ ಇದೆ. ಹಾರ್ಸಿನಿಂದ ಹಿಂದಕ್ಕೆ ಹೋಗೋ ಗಾಳಿ ಪೈಪ್ ಕಿತ್ತುಬಂದರೆ ಟ್ರೇಲರಿನ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತೆ. ನಮ್ಮ ಊರಿನ ಟ್ರಾಲಿಗೆ? ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಮೂರು ಟನ್ ಜಲ್ಲಿಯನ್ನು ಟ್ರ್ಯಾಕ್ಟರಿನ ಬ್ರೇಕ್ ಒಂದೇ ನಿಲ್ಲಿಸಬೇಕು. ಇಳಿಜಾರಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ಗೆ ಹಾಕಿದರೆ, ಎಳೀತಿದ್ದ ಟ್ರ್ಯಾಕ್ಟರನ್ನು ಟ್ರಾಲಿ ತಳ್ಳೋಕೆ ಶುರು ಮಾಡುತ್ತೆ. ಇನ್ನೊಂದು: ಟ್ರ್ಯಾಕ್ಟರಿಗೆ ಎಡಗಾಲಿಗೊಂದು ಬಲಗಾಲಿಗೊಂದು ಬ್ರೇಕ್ ಪೆಡಲ್ ಇರುತ್ತೆ, ಗದ್ದೆಯ ಮೂಲೆಯಲ್ಲಿ ತಿರುಗಿಸೋಕೆ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಚಿಲಕ ಹಾಕಬೇಕು. ಹಾಕದೆ ಗಾಬರಿಯಲ್ಲಿ ಒಂದೇ ಪೆಡಲ್ ಒತ್ತಿದರೆ ಗಾಡಿ ನಿಲ್ಲಲ್ಲ, ಗಿರ್ರನೆ ತಿರುಗುತ್ತೆ. ಎಷ್ಟು ಜನ ಆ ಚಿಲಕ ಹಾಕ್ತಾರೆ? ಕೆಲವು ಟ್ರ್ಯಾಕ್ಟರಲ್ಲಿ ಅದು ಎಲ್ಲಿ ಬಿದ್ದುಹೋಯಿತು ಅಂತಲೂ ಮಾಲೀಕರಿಗೆ ಗೊತ್ತಿಲ್ಲ.

ನಾನೇನು ಇದರಲ್ಲಿ ಸಾಚಾ ಅಲ್ಲ. ಹರಕೆ ಊಟಕ್ಕೆ ಅಂತ ಟ್ರಾಲಿಯಲ್ಲಿ ಮೂವತ್ತು ಜನ ತುಂಬಿಕೊಂಡು ಹೋದಾಗ ನಾನು ಮಡ್‌ಗಾರ್ಡ್ ಮೇಲೆ ಕೂತಿದ್ದೆ, ನನ್ನ ಅಕ್ಕನ ಮಕ್ಕಳು ಹಿಂದೆ ಪಾತ್ರೆಗಳ ಜೊತೆ. ವಾಪಸ್ ಬರುವಾಗ ಒಂದು ಏರಿನ ಮೇಲೆ ನಿಲ್ಲಿಸಿದ್ದರು. ಮೂತ್ರಕ್ಕೆ ಇಳಿದವನು ಸುಮ್ಮನೆ ಕೊಂಡಿ ಕಡೆ ನೋಡಿದೆ. ಪಿನ್ ಇರಬೇಕಾದ ಜಾಗದಲ್ಲಿ ಒಂದು ಮನೆ ಕಟ್ಟೋ ಸರಳಿನ ತುಂಡು. ಅದರ ತುದಿಗೆ ಕ್ಲಿಪ್ ಇಲ್ಲ, ಅರ್ಧ ಮೇಲೆ ಬಂದಿತ್ತು. ಕೇಳಿದರೆ "ಅದು ಬರಲ್ಲ ಬಿಡಣ್ಣ, ವರ್ಷದಿಂದ ಹಂಗೇ ಇದೆ" ಅಂದರು. ಅದಾದ ಮೇಲೆ ನಾನು ಟ್ರಾಲಿ ಹತ್ತಿಲ್ಲ, ಮನೆಯಲ್ಲಿ ಜಗಳ ಆದರೂ ಮಕ್ಕಳನ್ನೂ ಹತ್ತಿಸಿಲ್ಲ.

ಅಪಘಾತ ಆದ ಮೇಲಿನ ಕತೆಯೂ ಗೊತ್ತಿರಲಿ. ಟ್ರಾಲಿ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಸಾರಿಗೆ ವಾಹನ ಆಗಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿತು, ಅದು ಓಡಿಸುವವನ ಲೈಸೆನ್ಸಿಗೆ ಅನುಕೂಲದ ಮಾತು. ಹತ್ತಿ ಕೂತವರಿಗೆ ಅನುಕೂಲವಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರ ಹೊಣೆಯನ್ನು ವಿಮಾ ಕಂಪನಿ ಹೊರಬೇಕಿಲ್ಲ ಅಂತ 2002ರ ಆಶಾ ರಾಣಿ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ಅಂದರೆ ಹರಕೆಗೆ ಹೋದವರಿಗೆ ಏನಾದರೂ ಆದರೆ ಪರಿಹಾರದ ದುಡ್ಡು ಟ್ರ್ಯಾಕ್ಟರ್ ಮಾಲೀಕನ ತೋಟದಿಂದ ಬರಬೇಕು. ಆ ಮಾಲೀಕ ನಿಮ್ಮ ದಾಯಾದಿಯೋ ಪಕ್ಕದ ಮನೆಯವನೋ ಆಗಿರುತ್ತಾನೆ. ಕೇಸ್ ಹಾಕ್ತೀರಾ? ಟ್ರಾಲಿಗೆ ಬೇರೆಯಾಗಿಯೇ ನೋಂದಣಿ, ವಿಮೆ ಇರಬೇಕು. ಅದನ್ನು ಕೇಳಿದರೆ ಊರಲ್ಲಿ ನಗ್ತಾರೆ.

ಹಾಗಂತ ಟ್ರೇಲರ್ ಲಾರಿ ದೇವರ ರಥ ಅಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದು ಹಾರ್ಸಿನ ಚಕ್ರ ಜಾರಿದರೆ ಹಿಂದಿನ ದೇಹ ಮುಂದಕ್ಕೆ ನುಗ್ಗಿ, ಚಾಕು ಮಡಚಿದ ಹಾಗೆ ಗಾಡಿ ಮಡಚಿಕೊಳ್ಳುತ್ತೆ. ತಿರುವಿನಲ್ಲಿ ಹಾರ್ಸ್ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತೆ. ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶಕ್ಕೆ ತಿರುಗೋ ಟ್ರೇಲರಿನ ಎಡಬದಿಯಲ್ಲಿ ಬೈಕ್ ತೂರಿಸೋ ಹುಡುಗರು ಇದನ್ನು ಓದಲಿ. ಡ್ರೈವರ್ ಬಲಗಡೆ ಕೂತಿರುತ್ತಾನೆ, ಎಡಗಡೆ ಬಾಗಿಲ ಕೆಳಗೆ ನಿಂತವರು ಅವನಿಗೆ ಕಾಣೋದೇ ಇಲ್ಲ. ಮುಂದಿನ ಭಾಗ ದಾಟಿ ಹೋಯಿತಲ್ಲ ಅಂತ ಹೆಜ್ಜೆ ಮುಂದಿಟ್ಟರೆ ಹಿಂದಿನ ಚಕ್ರ ಬಂದಿರುತ್ತೆ. ಗಾರ್ಮೆಂಟ್ಸ್ ಶಿಫ್ಟ್ ಬಿಡೋ ಹೊತ್ತಿಗೆ ಆ ರಸ್ತೆ ದಾಟೋ ಹೆಣ್ಣುಮಕ್ಕಳು ನಮ್ಮ ಮನೆಯವರೇ. ಅಲ್ಲಿ ದೀಪ, ದಾಟೋ ಜಾಗ, ನಿಧಾನ ಮಾಡಿಸೋ ವ್ಯವಸ್ಥೆ ಕೇಳಬೇಕಾದ್ದು ನ್ಯಾಯ. ಡ್ರೈವರ್ ಆಗೋಕೆ ಹೊರಟವನಿಗೆ ಬೈಯೋದು ಸುಲಭ ಅಂತ ಅದನ್ನು ಮಾಡ್ತಾ ಇದ್ದೀವಿ.

ಗೆಳೆಯನಿಗೆ ಕೆಲಸ ಸುಲಭವಾಗಿ ಸಿಕ್ಕಿಲ್ಲ. ಟ್ರ್ಯಾಕ್ಟರ್ ಲೈಸೆನ್ಸ್ ಇಲ್ಲಿ ನಡೆಯಲ್ಲ. ಲಘು ವಾಹನದ ಲೈಸೆನ್ಸಿನಲ್ಲಿ 7,500 ಕಿಲೋ ಒಳಗಿನ ಸರಕು ವಾಹನ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ಆದರೆ ಟ್ರೇಲರ್ ಲಾರಿ ಎಲ್ಲಿ, 7,500 ಎಲ್ಲಿ. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಾದು ಸಾರಿಗೆ ವಾಹನದ್ದು ಮಾಡಿಸಬೇಕು, ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವನು ಅಷ್ಟೂ ಮಾಡಿದ. ಆಮೇಲೆ ಎಂಟು ತಿಂಗಳು ಕ್ಲೀನರ್ ಸೀಟಲ್ಲಿ ಕೂತ. ಮೂವತ್ತೈದು ವರ್ಷದವನು, ಇಪ್ಪತ್ತೇಳರ ಡ್ರೈವರ್ ಹತ್ತಿರ ಬೈಸಿಕೊಂಡು.

ಅಲ್ಲಿ ಕಲಿತದ್ದರಲ್ಲಿ ಅವನು ಹೆಚ್ಚು ಹೇಳೋದು ಕೊಂಡಿ ಹಾಕೋ ಕ್ರಮದ ಬಗ್ಗೆ. ಹಾರ್ಸನ್ನು ರಿವರ್ಸ್ ತಂದು ಟ್ರೇಲರಿನ ಕೆಳಗೆ ತೂರಿಸಿದಾಗ 'ಟಕ್' ಅಂತ ಶಬ್ದ ಬರುತ್ತೆ. ಆ ಶಬ್ದ ನಂಬಬಾರದು. ಇಳಿದು ಟಾರ್ಚ್ ಹಾಕಿ, ದವಡೆ ಗೂಟದ ಹಿಂದೆ ಮುಚ್ಚಿಕೊಂಡಿದೆಯಾ, ತಟ್ಟೆಗೂ ಟ್ರೇಲರಿಗೂ ನಡುವೆ ಸಂದು ಇದೆಯಾ ನೋಡಬೇಕು. ಆಮೇಲೆ ಟ್ರೇಲರಿನ ಬ್ರೇಕ್ ಹಿಡಿದಿಟ್ಟೇ ಹಾರ್ಸನ್ನು ಮೊದಲ ಗೇರಲ್ಲಿ ಮೆಲ್ಲಗೆ ಎಳೆದು ಪರೀಕ್ಷೆ ಮಾಡಬೇಕು. ಅದು ಬಿಟ್ಟುಕೊಳ್ಳದಿದ್ದರೆ ಮಾತ್ರ ಮುಂದಿನ ಊರುಗಾಲು ಎತ್ತೋದು. ಟೀ ಕುಡಿಯೋಕೆ ನಿಲ್ಲಿಸಿದರೂ ಹೊರಡುವಾಗ ಇನ್ನೊಮ್ಮೆ ಇಣುಕಬೇಕು, ಯಾರಾದರೂ ಹಿಡಿ ಎಳೆದಿರಬಹುದು ಅಂತ. "ಹನ್ನೊಂದು ವರ್ಷದಲ್ಲಿ ಟ್ರಾಲಿ ಪಿನ್ನನ್ನು ನಾನು ಒಂದ್ಸಲನೂ ಹಿಂಗೆ ನೋಡಿರಲಿಲ್ಲ ಮಾರಾಯ" ಅಂದ.

ಟ್ರಾಲಿ ಬಿಡಿ ಅಂತ ನಾನು ರೈತರಿಗೆ ಹೇಳ್ತಾ ಇಲ್ಲ. ಅಡಿಕೆ ತೋಟದ ದಾರಿಗೆ ಐದನೇ ಚಕ್ರದ ಗಾಡಿ ತರೋಕಾಗಲ್ಲ, ಟಿಲ್ಲರ್ ತಿರುಗಿಸೋದೇ ಕಷ್ಟ. ನಾನು ಕೇಳೋದು ಅಂಗಡಿಯಲ್ಲಿ ಸಿಗೋ ಸರಿಯಾದ ಪಿನ್, ಅದರ ಕ್ಲಿಪ್, ಪಿನ್ ಹೋದರೂ ಹಿಡಿಯೋಕೆ ಒಂದು ಸರಪಳಿ, ಹಿಂದೆ ಕೆಂಪು ಹೊಳೆಯೋ ಟೇಪ್, ಬ್ರೇಕ್ ಪೆಡಲಿನ ಚಿಲಕ. ಟ್ರ್ಯಾಕ್ಟರ್ ಸಾಲ ಕೊಡುವಾಗ ನೂರು ಸಹಿ ಹಾಕಿಸೋ ಸೊಸೈಟಿಗಳು, ಬ್ಯಾಂಕುಗಳು ಟ್ರಾಲಿಗೆ ಬ್ರೇಕ್ ಇದೆಯಾ ಅಂತ ಒಂದು ಪ್ರಶ್ನೆ ಕೇಳಬಹುದು. ವೆಲ್ಡಿಂಗ್ ಶಾಪಲ್ಲಿ ಟ್ರಾಲಿ ಮಾಡಿಸುವವರು ಪಟ್ಟಿಗೆ ಬಣ್ಣ ಯಾವುದು ಅನ್ನೋದರ ಜೊತೆ ಆಕ್ಸೆಲ್ ಎಲ್ಲಿ ಕೂರಿಸ್ತೀಯ ಅಂತಲೂ ಕೇಳಬಹುದು.

ಗೆಳೆಯನ ಟ್ರಾಲಿಯನ್ನು ಕೊಂಡವನು ಪಕ್ಕದ ಊರಿನವನು. ಕೀಲಿ ಕೊಡೋ ಮುಂಚೆ ಗೆಳೆಯ ತಾನೇ ನಿಂತು ಹಿಂದೆ ಟೇಪ್ ಅಂಟಿಸಿದ, ಹೊಸ ಪಿನ್ ಹಾಕಿಕೊಟ್ಟ, ಸರಪಳಿ ಹಾಕಿಸ್ಕೋ ಅಂತ ಮೂರು ಸಲ ಹೇಳಿದ. ಹೋದ ಭಾನುವಾರ ಅದೇ ಟ್ರಾಲಿ ನಿದಿಗೆ ಹತ್ತಿರ ನನ್ನ ಬೈಕಿನ ಮುಂದೆ ಹೋಗ್ತಿತ್ತು, ತುಂಬಾ ಜನ, ಮೈಕು, ಮಕ್ಕಳು. ಟೇಪ್ ಹೊಳೀತಿತ್ತು. ಸರಪಳಿ ಇರಲಿಲ್ಲ.