ತಂತ್ರಾಂಶಕ್ಕೂ ಒಂದು ಸಂಘ ಬೇಡವೇ?

ಅಕ್ಕಮಹಾದೇವಿಯ ವಚನಗಳಲ್ಲಿ ‘ಕದಳಿ’ ಎಂಬ ಶಬ್ದ ಎಲ್ಲೆಲ್ಲಿ ಬಂದಿದೆಯೆಂದು ತಿಳಿಯಬೇಕಾದರೆ ಹಿಂದಿನ ವಿದ್ಯಾರ್ಥಿಯು ಸಂಪುಟಗಳನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ಪುಟ ತಿರುವಬೇಕಾಗಿತ್ತು. ‘ವಚನ ಸಂಚಯ’ವು ಬಂದ ಮೇಲೆ ಇದು ಕ್ಷಣಮಾತ್ರದ ಕೆಲಸವಾಯಿತು. ಶಬ್ದವನ್ನು ಬರೆದರೆ ಸಾಕು, 20,000ಕ್ಕೂ ಮಿಕ್ಕ ವಚನಗಳನ್ನು ಸೋಸಿ, ಯಾವ ವಚನಕಾರರಲ್ಲಿ ಅದು ಎಷ್ಟು ಸಲ ಬಂದಿದೆಯೆಂದು ತೋರಿಸಿಕೊಡುವ ತಂತ್ರಾಂಶವಿದು. ಇದನ್ನು ಕಟ್ಟಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಸರಕಾರವೂ ಅಲ್ಲ. ಓಂ ಶಿವಪ್ರಕಾಶ್, ಪವಿತ್ರಾ ಎಚ್., ಓ. ಎಲ್. ನಾಗಭೂಷಣಸ್ವಾಮಿ ಮೊದಲಾದ ಕೆಲವೇ ಜನ ಸ್ವಂತ ಉತ್ಸಾಹದಿಂದ ಕಟ್ಟಿದರು.

ಕನ್ನಡದಲ್ಲಿ ಇಂಥ ತ್ಯಾಗ ಹೊಸದಲ್ಲ. ಇದೇ ವಚನಗಳಿಗಾಗಿ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆ ಕೂಡಿಸಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಹೊರತಂದರು, ಮನೆ ಮಾರಿ ವಿಜಾಪುರದಲ್ಲಿ ಮುದ್ರಣಾಲಯ ಹಾಕಿದರು. ನಾವು ಅವರ ಜಯಂತಿಯಲ್ಲಿ ಭಾಷಣ ಮಾಡಿ ಚಪ್ಪಾಳೆ ತಟ್ಟುತ್ತೇವೆ. ಆದರೆ ವಿದ್ವತ್ತಿನ ಸಾಧನವೊಂದು ಉಳಿಯಬೇಕಾದರೆ ಯಾರಾದರೊಬ್ಬರು ಮನೆ ಮಾರಲೇಬೇಕೆಂಬುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದಿಲ್ಲ.

ಗ್ರಂಥಕ್ಕೂ ತಂತ್ರಾಂಶಕ್ಕೂ ಒಂದು ಅಂತರವುಂಟು. ಗ್ರಂಥವನ್ನು ಒಮ್ಮೆ ಅಚ್ಚು ಹಾಕಿ ಕಪಾಟಿನಲ್ಲಿಟ್ಟರೆ ನೂರು ವರ್ಷಗಳ ಮೇಲೂ ಓದಬಹುದು. ತಂತ್ರಾಂಶ ಹಾಗಲ್ಲ, ಅದು ಮಗ್ಗದಂತೆ. ಲಾಳಿ ಸವೆದಾಗ, ಹಗ್ಗ ಸಡಿಲಾದಾಗ ಕೈಯಾಡಿಸದಿದ್ದರೆ ಮಗ್ಗ ಎಷ್ಟು ದಿನ ನಡೆದೀತೆಂದು ಬೆಟಗೇರಿಯ ನೇಕಾರರನ್ನು ಕೇಳಿದರೆ ಹೇಳಿಯಾರು. ಕಂಪ್ಯೂಟರು ಬದಲಾದಂತೆಲ್ಲ ತಂತ್ರಾಂಶವನ್ನೂ ತಿದ್ದುತ್ತಿರಬೇಕು. ಯುನಿಕೋಡ್ ಬಳಕೆಗೆ ಬರುವ ಮುನ್ನ ‘ನುಡಿ’, ‘ಬರಹ’ಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪ್ರಬಂಧಗಳನ್ನು ಇಂದು ತೆರೆದು ನೋಡಿರಿ. ಆ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುವುದು. ಅವುಗಳನ್ನು ಮತ್ತೆ ಕನ್ನಡಕ್ಕೆ ತರುವ ಪರಿವರ್ತಕಗಳನ್ನು ಮಾಡಿಕೊಟ್ಟವರಲ್ಲಿಯೂ ಸ್ವಯಂಸೇವಕರಿದ್ದಾರೆ.

ಹೊರದೇಶಗಳಲ್ಲಿಯೂ ಕಥೆ ಬೇರೆಯಲ್ಲ. 2019ರಲ್ಲಿ ಲೋಕವೆಲ್ಲ ಬೆರಗಾಗಿ ನೋಡಿದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದೆ ‘ನಂಪೈ’ ಎಂಬ ಉಚಿತ ಗಣಿತ ತಂತ್ರಾಂಶವಿತ್ತು. 2006ರಿಂದ ವಿಜ್ಞಾನಿಗಳು ಬಳಸುತ್ತಿದ್ದ ಆ ತಂತ್ರಾಂಶಕ್ಕೆ ಮೊದಲ ಧನಸಹಾಯ ದೊರೆತದ್ದು 2017ರಲ್ಲಿ! ಇಂಥ ಸಾಧನಗಳ ಪೋಷಣೆಗಾಗಿಯೇ ಬ್ರಿಟನ್ನಿನಲ್ಲಿ 2010ರಲ್ಲಿ ಒಂದು ಸಂಸ್ಥೆಯೂ, 2019ರಲ್ಲಿ ‘ರಿಸರ್ಚ್ ಸಾಫ್ಟ್‌ವೇರ್ ಅಲಯನ್ಸ್’ ಎಂಬ ಅಂತರರಾಷ್ಟ್ರೀಯ ಒಕ್ಕೂಟವೂ ಹುಟ್ಟಿಕೊಂಡವು.

ಆ ಲೋಕದ ಗೊಡವೆ ನಮಗೇಕೆ ಎನ್ನುವವರಿಗೆ ಒಂದು ಅಕ್ಷರದ ಕಥೆ ಹೇಳುತ್ತೇನೆ. ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯದೆಂದು ಹೆಮ್ಮೆಪಟ್ಟನು. ಆ ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. ಅವನ ಕನ್ನಡದಲ್ಲಿದ್ದು ಈಗ ಬಿಟ್ಟುಹೋದ ‘ೞ’ ಅಕ್ಷರಕ್ಕೆ ಯುನಿಕೋಡಿನ ಜಾಗತಿಕ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಅಲ್ಲಿ ಒಮ್ಮೆ ಇಟ್ಟ ಹೆಸರನ್ನು ತೆಗೆಯುವಂತಿಲ್ಲವೆಂಬ ನಿಯಮವಿರುವುದರಿಂದ ಪಕ್ಕದಲ್ಲಿ ತಿದ್ದುಪಡಿ ಬರೆದರೇ ಹೊರತು ತಪ್ಪು ಹಾಗೆಯೇ ಉಳಿಯಿತು. ಹಳಗನ್ನಡ ಬಲ್ಲ ಒಬ್ಬ ಅಧ್ಯಾಪಕರು ಸಕಾಲದಲ್ಲಿ ಆ ಪಟ್ಟಿಯ ಮೇಲೆ ಕಣ್ಣಾಡಿಸಿದ್ದರೆ ಸಾಕಾಗಿತ್ತಲ್ಲವೇ?

‘ಸರಕಾರ ಮಾಡಲಿ’ ಎಂಬುದು ನಮ್ಮ ಸಿದ್ಧ ಉತ್ತರ. ಸರಕಾರ ಮಾಡಬೇಕಾದದ್ದು ಇದ್ದೇ ಇದೆ. ಹೊಸ ತಂತ್ರಾಂಶದ ಬಿಡುಗಡೆಗೆ ಕೊಡುವಂತೆ ಹಳೆಯದರ ರಿಪೇರಿಗೂ ವರ್ಷವರ್ಷವೂ ಹಣ ತೆಗೆದಿಡಬೇಕು. ಆದರೆ ಗದಗ ತಾಲ್ಲೂಕಿನ ಕಣಗಿನಹಾಳದ ರೈತರು 1905ರಲ್ಲಿ ಸಾಲಕ್ಕಾಗಿ ಸಾಹುಕಾರನ ದಯೆಯನ್ನು ಕಾಯುತ್ತ ಕೂಡ್ರಲಿಲ್ಲ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘವನ್ನು ಕಟ್ಟಿದರು. ಹಿಂದಿನ ವರ್ಷ ಸರಕಾರ ಕಾಯಿದೆ ಮಾಡಿತ್ತು, ನಿಜ. ಪಾಲು ಹಾಕಿದವರು ಮಾತ್ರ ಊರ ಜನ. ಬಳಸುವವನೇ ಪಾಲುದಾರನಾಗುವ ಈ ಪದ್ಧತಿ ತಂತ್ರಾಂಶಕ್ಕೇಕೆ ಸಲ್ಲದು?

ಕಲಾ ವಿದ್ಯಾರ್ಥಿಗಳಾದ ನಮ್ಮ ಜೇಬಿನಲ್ಲಿ ಹಣವಿಲ್ಲ, ಕಂಪ್ಯೂಟರಿನ ಭಾಷೆಯೂ ಎಲ್ಲರಿಗೆ ಬಾರದು. ನಮ್ಮ ಪಾಲನ್ನು ದುಡಿಮೆಯಲ್ಲಿ ಕೊಡೋಣ. ಪ್ರಬಂಧ ಬರೆಯುವಾಗ ಗ್ರಂಥಗಳಂತೆ ಬಳಸಿದ ತಂತ್ರಾಂಶದ ಹೆಸರನ್ನೂ, ಮಾಡಿದವರ ಹೆಸರನ್ನೂ ಬರೆಯೋಣ. ಹೆಸರು ಕಾಣದಿದ್ದರೆ ಯಾವ ಸಮಿತಿಯೂ ಅದಕ್ಕೆ ಹಣ ಮಂಜೂರು ಮಾಡದು. ವಚನದ ಪಾಠದಲ್ಲಿ ದೋಷ ಕಂಡರೆ ಗೊಣಗಿ ಸುಮ್ಮನಾಗದೆ ಮಾಡಿದವರಿಗೆ ತಿಳಿಸೋಣ. ಶಿರಹಟ್ಟಿ, ಮುಂಡರಗಿಯಂಥ ಊರುಗಳಿಂದ ಬರುವವರಲ್ಲಿ ಕನ್ನಡ ಬೆರಳಚ್ಚು ಬಲ್ಲವರು ಅನೇಕರಿದ್ದಾರೆ. ಅವರು ವಾರಕ್ಕೆ ಒಂದು ತಾಸು ‘ವಿಕಿಸೋರ್ಸ್’ನ ಕನ್ನಡ ಪುಟಗಳ ಕರಡು ತಿದ್ದಬಹುದು. ಕನ್ನಡ ವಿಭಾಗದ ಗುರುಗಳು ಈ ತಾಸನ್ನು ಆಂತರಿಕ ಅಂಕಗಳ ಲೆಕ್ಕಕ್ಕೆ ಸೇರಿಸಿಕೊಳ್ಳಲು ಒಪ್ಪುವರೇ ಎಂದು ಮೊದಲು ಕೇಳಬೇಕಾಗಿದೆ.