ಅವಿಭಾಜ್ಯ ಸಂಖ್ಯೆಗಳೂ ನಮ್ಮ ಬಾಲಿಕೆಯರೂ

ನಮ್ಮ ಬಾಲಿಕೆಯರಲ್ಲಿ ಕೆಲವರು ಗಣಿತ ಸ್ಪರ್ಧೆಗಳಲ್ಲಿ ಕೇಳುವ ಲೆಕ್ಕಗಳನ್ನು, ಅವುಗಳಲ್ಲಿಯೂ ಅವಿಭಾಜ್ಯ ಸಂಖ್ಯೆಗಳ ಲೆಕ್ಕಗಳನ್ನು, ಬಿಡಿಸುವದರಲ್ಲಿ ಮನಸ್ಸಿಟ್ಟಿರುವದನ್ನು ಕಂಡು ಪಾಲಕರಲ್ಲಿ ಹಲವರು ಒಂದು ಪ್ರಶ್ನೆಯನ್ನು ಕೇಳುತ್ತಿರುವರು: “ಇದರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಎಷ್ಟು ಅಂಕಗಳು ಹೆಚ್ಚುವವು?” ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಲಿನ ಊರುಗಳಲ್ಲಿ ಹೊಲಮನೆಗಳ ಕೆಲಸದ ನಡುವೆಯೂ ಮಗಳನ್ನು ಶಾಲೆಗೆ ಕಳಿಸುವ ತಂದೆತಾಯಿಗಳು ಹೀಗೆ ಕೇಳುವದು ನ್ಯಾಯವೇ ಸರಿ. ಆದುದರಿಂದ ಮೊದಲೇ ಸ್ಪಷ್ಟವಾಗಿ ಹೇಳಿಬಿಡುವೆನು: ಅಂಕಗಳು ಬಹಳವಾಗಿ ಹೆಚ್ಚಲಾರವು. ಆದರೂ ಈ ಅಭ್ಯಾಸವು ನಮ್ಮ ಹೆಣ್ಣುಮಕ್ಕಳಿಗೆ ಅವಶ್ಯವೆಂಬದು ನನ್ನ ದೃಢವಾದ ಅಭಿಪ್ರಾಯವು. ಅದಕ್ಕೆ ಕಾರಣಗಳನ್ನು ಇಲ್ಲಿ ನಿವೇದಿಸುವೆನು.

ಅವಿಭಾಜ್ಯ ಸಂಖ್ಯೆಯೆಂದರೇನೆಂಬದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಗೋಕಾಕದ ಬಣ್ಣದ ಗೊಂಬೆಗಳು 24 ಇದ್ದರೆ ಅವನ್ನು ಎರಡು, ಮೂರು, ನಾಲ್ಕು ಅಥವಾ ಆರು ಸಮನಾದ ಸಾಲುಗಳಲ್ಲಿ ಜೋಡಿಸಬಹುದು. 23 ಇದ್ದರೆ ಒಂದೇ ಸಾಲಿನ ಹೊರತು ಬೇರೆ ದಾರಿಯಿಲ್ಲ. ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದಲೂ ತನ್ನಿಂದಲೂ ಮಾತ್ರ ನಿಶ್ಶೇಷವಾಗಿ ಭಾಗಿಸಲ್ಪಡುವ ಇಂಥ ಸಂಖ್ಯೆಗಳೇ ಅವಿಭಾಜ್ಯ ಸಂಖ್ಯೆಗಳು. ಇಷ್ಟು ತಿಳಿದ ಬಾಲಿಕೆಗೆ ಸ್ಪರ್ಧೆಯವರು ಹೀಗೆ ಕೇಳುತ್ತಾರೆ: ಒಂದು ಸಂಖ್ಯೆಯೂ, ಅದಕ್ಕೆ 2 ಕೂಡಿಸಿದ್ದೂ, 4 ಕೂಡಿಸಿದ್ದೂ ಮೂರೂ ಅವಿಭಾಜ್ಯಗಳಾಗಿರುವದು ಯಾವಾಗ?

3, 5, 7 ಎಂಬ ಉತ್ತರವು ಕೂಡಲೇ ಹೊಳೆಯುವದು. ಬೇರೆ ಉಂಟೋ ಎಂದು ಹುಡುಕಿದರೆ 11, 13, 15. 17, 19, 21. 29, 31, 33 ಹೀಗೆ ಪ್ರತಿ ಸಾರಿಯೂ ಒಂದು ಕೆಡುತ್ತದೆ. ಎಷ್ಟು ಹೊತ್ತು ಹುಡುಕಬೇಕು? ಆಗ ಜಾಣೆಯಾದವಳು ಹುಡುಕುವದನ್ನು ನಿಲ್ಲಿಸಿ ವಿಚಾರಿಸತೊಡಗುವಳು. ಯಾವ ಸಂಖ್ಯೆಯನ್ನಾದರೂ 3ರಿಂದ ಭಾಗಿಸಿದರೆ ಶೇಷವು 0, 1 ಅಥವಾ 2 ಇರಲೇಬೇಕು. ಶೇಷವು 1 ಆದರೆ, 2 ಕೂಡಿಸಿದ ಸಂಖ್ಯೆಯನ್ನು 3 ಭಾಗಿಸುವದು. ಶೇಷವು 2 ಆದರೆ, 4 ಕೂಡಿಸಿದ ಸಂಖ್ಯೆಯನ್ನು 3 ಭಾಗಿಸುವದು. ಶೇಷವು 0 ಆದರೆ ಮೊದಲನೆಯದನ್ನೇ ಭಾಗಿಸುವದು. ಆದುದರಿಂದ ಆ ಮೂರರಲ್ಲಿ ಒಂದು 3 ಆಗಿಯೇ ಇರಬೇಕು. ಅಂದಮೇಲೆ 3, 5, 7ರ ಹೊರತು ಬೇರೆ ಇಲ್ಲ. ಕೊನೆಯೇ ಇಲ್ಲದ ಸಂಖ್ಯೆಗಳ ಮೇಲೆ ಹದಿಮೂರು ವಯಸ್ಸಿನ ಬಾಲಿಕೆಯು ನಾಲ್ಕು ಸಾಲುಗಳಲ್ಲಿ ತೀರ್ಪು ಕೊಟ್ಟಂತಾಯಿತು. ಆ ತೀರ್ಪನ್ನು ಯಾವ ಪಂಡಿತನೂ ಅಳಿಸಲಾರನು.

ಇದಕ್ಕೆ ಪ್ರತಿಯಾದ ಇನ್ನೊಂದು ಪಾಠವುಂಟು. ಒಂದು ಸಂಖ್ಯೆಯನ್ನು ತೆಗೆದುಕೊಂಡು, ಅದರ ವರ್ಗಕ್ಕೆ ಅದನ್ನೇ ಕೂಡಿಸಿ, ಮತ್ತೆ 41 ಕೂಡಿಸಿರಿ. 0 ತೆಗೆದುಕೊಂಡರೆ 41, 1 ತೆಗೆದುಕೊಂಡರೆ 43, ಮುಂದೆ 47, 53, 61. ಎಲ್ಲವೂ ಅವಿಭಾಜ್ಯಗಳೇ. 39ರ ವರೆಗೂ ಹೀಗೆಯೇ ನಡೆಯುತ್ತದೆ. ನಾಲ್ವತ್ತು ಸಾಕ್ಷಿಗಳು ಒಂದೇ ಮಾತನ್ನು ನುಡಿದ ಮೇಲೆ ಯಾರು ತಾನೇ ಸಂಶಯಪಡುವರು? ಆದರೆ 40ನ್ನು ತೆಗೆದುಕೊಂಡರೆ 1681 ಬರುವದು. ಅದು 41ನ್ನು 41ರಿಂದ ಗುಣಿಸಿದ್ದು! 18ನೆಯ ಶತಮಾನದ ಮಹಾಗಣಿತಜ್ಞನಾದ ಆಯ್ಲರನು ಲೋಕಕ್ಕೆ ತೋರಿಸಿದ ಈ ಸೂತ್ರವನ್ನು ನಮ್ಮ ಪ್ರತಿಯೊಬ್ಬ ಬಾಲಿಕೆಯೂ ಒಮ್ಮೆ ತಾನಾಗಿ ಪರೀಕ್ಷಿಸಿ ನೋಡಬೇಕೆಂದು ನನ್ನ ಆಶೆ. ಯಾಕಂದರೆ ನಮ್ಮ ಊರುಗಳಲ್ಲಿ ಹೆಣ್ಣುಮಗಳ ಬಾಳಿನ ವಿಷಯವಾಗಿ ಎಷ್ಟೋ ನಿರ್ಣಯಗಳು ನಾಲ್ವತ್ತು ಮಂದಿಯ ಮಾತಿನ ಮೇಲೆಯೇ ಆಗುತ್ತವೆ. “ಎಲ್ಲರೂ ಹಾಗೆಯೇ ಹೇಳುತ್ತಾರೆ” ಎಂಬದು ಪ್ರಮಾಣವಲ್ಲವೆಂದು ಅರಿತವಳು ಹಿರಿಯರ ಮುಂದೆ ಮರ್ಯಾದೆ ತಪ್ಪದೆ “ಅದು ಯಾಕೆ?” ಎಂದು ಕೇಳಬಲ್ಲಳು.

ಇಂಥ ವಿದ್ಯೆಯು ಹೆಂಗಸರ ತಲೆಗೆ ಹತ್ತುವದಿಲ್ಲವೆಂಬ ಮಾತೂ ಅಂಥ ನಾಲ್ವತ್ತು ಸಾಕ್ಷಿಗಳ ಮಾತೇ. 1776ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸೋಫೀ ಜರ್ಮೇನ್ ಎಂಬಾಕೆಗೆ ಅಲ್ಲಿಯ ಉಚ್ಚ ವಿದ್ಯಾಲಯದ ಬಾಗಿಲು ಮುಚ್ಚಿತ್ತು. ಆಕೆಯು ಉಪನ್ಯಾಸಗಳ ಬರಹಗಳನ್ನು ತರಿಸಿಕೊಂಡು ಓದಿ, ಲೆ ಬ್ಲಾಂ ಎಂಬ ಗಂಡಸಿನ ಹೆಸರಿನಿಂದ ಪಂಡಿತರಿಗೆ ಪತ್ರಗಳನ್ನು ಬರೆದಳು. 1807ರಲ್ಲಿ ಸತ್ಯವು ತಿಳಿದಾಗ ಜರ್ಮನಿಯ ಗೌಸನು ಆಕೆಯ ಧೈರ್ಯವನ್ನೂ ಪ್ರತಿಭೆಯನ್ನೂ ಮನಸಾರೆ ಕೊಂಡಾಡಿದನು. ಇಮ್ಮಡಿಸಿ ಒಂದು ಕೂಡಿಸಿದರೂ ಅವಿಭಾಜ್ಯವೇ ಆಗುವ 2, 3, 5, 11, 23 ಮೊದಲಾದ ಅವಿಭಾಜ್ಯಗಳಿಗೆ ಇಂದಿಗೂ ಆಕೆಯ ಹೆಸರೇ ಇದೆ.

ನಮ್ಮ ನಾಡಿಗೂ ಈ ವಿದ್ಯೆಯು ಹೊರಗಿನದಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿ, ಭಿನ್ನರಾಶಿಗಳನ್ನೂ ಲಘುತಮ ಅಪವರ್ತ್ಯವನ್ನೂ ವಿವರಿಸಿದನು. ಆ ಗ್ರಂಥವನ್ನು 2000ನೆಯ ಇಸವಿಯಲ್ಲಿ ಕನ್ನಡ ಅನುವಾದದೊಡನೆ ಹೊರತಂದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರು. ಒಬ್ಬ ಸ್ತ್ರೀಯ ಶ್ರಮದಿಂದ ನಮಗೆ ನಮ್ಮ ಆಸ್ತಿಯು ನಮ್ಮ ನುಡಿಯಲ್ಲಿ ದೊರೆತಿದೆ ಎಂಬದನ್ನು ಬಾಲಿಕೆಯರು ಮರೆಯಬಾರದು.

ಸ್ಪರ್ಧೆಗಳ ಮಾತಿಗೆ ಬಂದರೆ, ನಮ್ಮ ದೇಶವು 1989ರಿಂದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ತಂಡವನ್ನು ಕಳಿಸುತ್ತಿದೆ. ಆ ತಂಡಗಳಲ್ಲಿ ಹೆಣ್ಣುಮಕ್ಕಳು ತೀರ ವಿರಳ. ಬಾಲಿಕೆಯರಿಗಾಗಿಯೇ 2012ರಲ್ಲಿ ಯುರೋಪಿನವರು ಬೇರೊಂದು ಒಲಿಂಪಿಯಾಡನ್ನು ಕೇಂಬ್ರಿಜ್ಜಿನಲ್ಲಿ ಆರಂಭಿಸಿದರು. ಈಗ ಭಾರತದ ಬಾಲಿಕೆಯರೂ ನಾಲ್ವರ ತಂಡವಾಗಿ ಅದರಲ್ಲಿ ಭಾಗವಹಿಸುತ್ತಾರೆ. ದೊಡ್ಡ ಪಟ್ಟಣಗಳ ಮಕ್ಕಳಿಗೆ ಹಣ ತೆತ್ತು ಕಲಿಯುವ ಅನುಕೂಲವುಂಟು, ನಮ್ಮವರಿಗೆ ಇಲ್ಲ; ಇದನ್ನು ನಾನು ಅಲ್ಲಗಳೆಯೆನು. ಪದಕಗಳ ಆಶೆಯಿಂದ ಮಕ್ಕಳನ್ನು ಬಳಲಿಸುವದೂ ನನಗೆ ಒಪ್ಪಿಗೆಯಿಲ್ಲ, ಒಲ್ಲದವಳನ್ನು ಒತ್ತಾಯಿಸಬಾರದು.

ಆದರೆ ಒಲಿದವಳಿಗೆ ಬೇಕಾದದ್ದು ಹಣಕ್ಕಿಂತ ಮಿಗಿಲಾಗಿ ಹೊತ್ತು. ಇಂಥ ಒಂದು ಲೆಕ್ಕವು ಎರಡು ತಾಸು ಬೇಡುವದು, ಒಮ್ಮೊಮ್ಮೆ ಎರಡು ದಿನ ಬೇಡುವದು. ನಮ್ಮ ಎಷ್ಟೋ ಮನೆಗಳಲ್ಲಿ ಅಣ್ಣನು ಪುಸ್ತಕ ಹಿಡಿದು ಕುಳಿತರೆ ಯಾರೂ ಅವನನ್ನು ಎಬ್ಬಿಸುವದಿಲ್ಲ. ತಂಗಿಯು ಕುಳಿತರೆ ಮುಸುರೆ ತಿಕ್ಕಲು, ಕೂಸನ್ನು ಎತ್ತಿಕೊಳ್ಳಲು ಮೂರು ಸಾರೆ ಕರೆ ಬರುವದು. ಬುದ್ಧಿಯಲ್ಲಿ ಕಾಣದ ಭೇದವು ಹೊತ್ತಿನ ಹಂಚಿಕೆಯಲ್ಲಿ ಕಾಣುತ್ತದೆ. ಮನೆಗೆಲಸವನ್ನು ನಾನು ಹೀನವೆನ್ನುವದಿಲ್ಲ. ಅದನ್ನು ಅಣ್ಣತಂಗಿಯರು ಕೂಡಿ ಮಾಡಲಿ, ಎಂದು ಮಾತ್ರ ಹೇಳುವೆನು.

ಆದುದರಿಂದ ಪಾಲಕರಲ್ಲಿ ನನ್ನ ಬಿನ್ನಹವಿಷ್ಟೇ: ವಾರಕ್ಕೆ ಎರಡು ತಾಸುಗಳನ್ನು ಯಾರೂ ಕರೆಯದಂತೆ ಮಗಳಿಗೆ ಬಿಟ್ಟುಕೊಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಗಣಿತ ಬಲ್ಲವರು ತಿಂಗಳಿಗೊಂದು ಶನಿವಾರ ಶಾಲೆಗೆ ಬಂದು ಈ ಮಕ್ಕಳೊಡನೆ ಕುಳಿತುಕೊಳ್ಳಿರಿ; ಉತ್ತರವನ್ನು ಹೇಳಿಕೊಡಬೇಡಿರಿ, ಜೊತೆಯಲ್ಲಿ ಯೋಚಿಸಿರಿ, ಸಾಕು. ಆರಂಭಕ್ಕೆ ಒಂದು ಲೆಕ್ಕವನ್ನು ಇಲ್ಲಿಯೇ ಕೊಡುವೆನು. 5ರ ವರ್ಗದಿಂದ 1 ಕಳೆದರೆ 24. 7ರದರಿಂದ ಕಳೆದರೆ 48. 11ರದರಿಂದ ಕಳೆದರೆ 120. 3ಕ್ಕಿಂತ ದೊಡ್ಡದಾದ ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಹೀಗೆ ಬಂದದ್ದನ್ನು 24 ನಿಶ್ಶೇಷವಾಗಿ ಭಾಗಿಸುವದು. ಯಾಕೆ? ನಾಲ್ವತ್ತು ಉದಾಹರಣೆಗಳಿಂದ ತೃಪ್ತರಾಗದೆ, ಮಗಳೊಡನೆ ಕುಳಿತು ಕಾರಣವನ್ನು ಕಂಡುಹಿಡಿಯಿರಿ.