ಗೂಟದಿಂದ ಮರ

ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಡೆ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಲ್ಲುವ ಹಾಲವಾಣವು ಮನೆಯ ಬೇಲಿಗೂ ಒಪ್ಪುವ ಮರ. ಮೂರೆಲೆಯನ್ನೂ ಕೆಂಪು ಹೂವನ್ನೂ ಕಂಡು ಇದನ್ನು ಮುತ್ತುಗವೆಂದು ಭ್ರಮಿಸುವವರುಂಟು. ಕೊಂಬೆಯನ್ನು ನೋಡಿರಿ: ಹಾಲವಾಣಕ್ಕೆ ಸಾಮಾನ್ಯವಾಗಿ ಮುಳ್ಳಿರುತ್ತದೆ, ಮುತ್ತುಗಕ್ಕಿಲ್ಲ.

ಜೂನ್ ತಿಂಗಳಲ್ಲಿ ಮಳೆ ಹಿಡಿದೊಡನೆ, ಬಲಿತ ಕೊಂಬೆಯಿಂದ ಆರಡಿಯ ಗೂಟವೊಂದನ್ನು ತೊಗಟೆ ಸೀಳದಂತೆ ಹರಿತವಾದ ಕತ್ತಿಯಿಂದ ಕಡಿಯಿರಿ. ಒಂದೂವರೆ ಅಡಿ ಆಳಕ್ಕೆ ನೆಟ್ಟು, ಸುತ್ತಲೂ ಮಣ್ಣನ್ನು ತುಳಿದು ಬಿಗಿಗೊಳಿಸಿರಿ. ನೀರು ನಿಲ್ಲುವ ಜಾಗ ಬೇಡ, ಗೂಟ ಕೊಳೆತೀತು. ಮರ ಬೆಳೆದ ಮೇಲೆ ಸವರಿದ ಸೊಪ್ಪನ್ನು ಹೂಗಿಡಗಳ ಬುಡಕ್ಕೆ ಹಾಕಿದರೆ, ಸಾರಜನಕವುಳ್ಳ ಒಳ್ಳೆಯ ಗೊಬ್ಬರ.

ಆದರೆ ಒಂದು ಎಚ್ಚರಿಕೆ. 2004ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕಿರುಕಣಜವೊಂದು ದಕ್ಷಿಣ ಭಾರತದ ಹಾಲವಾಣಗಳಿಗೂ ತಗುಲಿದೆ. ಅದು ಚಿಗುರಿನಲ್ಲಿ ಮೊಟ್ಟೆಯಿಟ್ಟರೆ ಎಲೆ, ತೊಟ್ಟುಗಳು ಗಂಟುಗಟ್ಟುತ್ತವೆ. ಪಿಡುಗು ಬಲಿತರೆ ಮರವೇ ಒಣಗುತ್ತದೆ. ಗಂಟು ಕಂಡ ರೆಂಬೆಯನ್ನು ಕಡಿದು ಸುಡಿರಿ. ಅಂಥ ಮರದ ಗೂಟವನ್ನು ನಂಟರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ತರಬೇಡಿರಿ. ಇಡೀ ಬೇಲಿಯನ್ನು ಹಾಲವಾಣಕ್ಕೇ ಒಪ್ಪಿಸದೆ, ನಡುನಡುವೆ ಗೂಟದಿಂದಲೇ ಚಿಗುರುವ ಗ್ಲಿರಿಸೀಡಿಯಾವನ್ನೂ ನೆಡಿರಿ. ಆ ಕಣಜ ಅದನ್ನು ಮುಟ್ಟದು.